ಎರಡು ಡಬ್ಬಿ, ಒಂದೇ ಕಹಿ

ಬಸ್ಸು ಹೊರಡಲಿಲ್ಲ.

ನನ್ನ ಗಂಡ ಖಾಸಗಿ ಬಸ್ಸಿನ ಕಂಡಕ್ಟರ್. ಬ್ರಹ್ಮಾವರದಲ್ಲಿ ನನ್ನ ಅಕ್ಕಿ ಅಂಗಡಿಯ ಎದುರಿಗೇ ಅವರ ಬಸ್ಸು ನಿಲ್ಲುವುದು. ಆ ಬೆಳಿಗ್ಗೆ ಫುಟ್‌ಬೋರ್ಡಿನ ಮೇಲೆ ನಿಂತು ಸೀಟಿ ಬಾಯಿಗಿಟ್ಟುಕೊಂಡಿದ್ದರು. ಸದ್ದೇ ಇಲ್ಲ. ತುಟಿಯ ಸಂದಿಯಲ್ಲಿ ಗಾಳಿ ಸೋರಿ ಹೋಗುತ್ತಿತ್ತು.

"ಎಂತ ಮಾರಾಯ, ಸೀಟಿ ನುಂಗಿದ್ಯಾ?" ಎಂದು ಡ್ರೈವರ್ ಕೂಗಿದ. ಬಸ್ಸಿನವರೆಲ್ಲ ನಕ್ಕರು. ಅಂಗಡಿಯ ಬಾಗಿಲಲ್ಲಿ ನಿಂತು ನಾನೂ ನಕ್ಕೆ.

ಮುಂದಿನ ತಿಂಗಳುಗಳಲ್ಲಿ ಅವರ ಮಾತು ತೊದಲತೊಡಗಿತು. 'ಕೋಟ, ಕುಂದಾಪ್ರ' ಎಂದು ಕೂಗಿದರೆ ಕುಡಿದವರು ಕೂಗಿದ ಹಾಗೆ. ಕುಡಿತದ ವಾಸನೆಯೂ ಗೊತ್ತಿಲ್ಲದ ಮನುಷ್ಯನಿಗೆ ಮಾಲೀಕರಿಂದ ಬೈಗುಳ ಬಿತ್ತು. ನಾವು ಹಲ್ಲಿನ ಡಾಕ್ಟರು, ಗಂಟಲಿನ ಡಾಕ್ಟರು ಎಂದು ಅಲೆದೆವು. ನಿಮ್ಮ ಮನೆಯಲ್ಲಿ ಯಾರಿಗಾದರೂ ಕಾರಣವಿಲ್ಲದೆ ನಾಲಗೆ ತೊದಲಿದರೆ ಹೀಗೆ ಅಲೆಯಬೇಡಿ. ಮೊದಲು ನರದ ಡಾಕ್ಟರು, ನ್ಯೂರಾಲಜಿಸ್ಟ್ ಹತ್ತಿರ ಹೋಗಿ.

ದೊಡ್ಡ ಆಸ್ಪತ್ರೆಯಲ್ಲಿ ಕೈಕಾಲಿಗೆ, ನಾಲಗೆಗೆ ಸೂಜಿ ಚುಚ್ಚಿ ಇಎಂಜಿ ಎಂಬ ಪರೀಕ್ಷೆ ಮಾಡಿದರು. ಡಾಕ್ಟರಮ್ಮ ಚಿಕ್ಕ ಪ್ರಾಯದವರು. ಮೋಟಾರ್ ನ್ಯೂರಾನ್ ಡಿಸೀಸ್ ಎಂದರು. ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವಂತೆ.

"ಗುಣ ಆತಾ?"

"ಇಲ್ಲಮ್ಮ."

ನಾನು ಹನ್ನೆರಡರ ಪ್ರಾಯದಲ್ಲಿ ಮಿಲ್ಲಿನಲ್ಲಿ ಮೊರ ಹಿಡಿದು ಅಕ್ಕಿ ಗೇರಿ, ಆಮೇಲೆ ನನ್ನದೇ ಅಂಗಡಿ ಹಾಕಿದವಳು. ಮೊದಲು ಹೇಳಿದ ದರಕ್ಕೆ ಯಾವತ್ತೂ ಒಪ್ಪಿದವಳಲ್ಲ. ಬೇರೆ ಏನಾದರೂ ಇರಲೇಬೇಕು, ನೀವು ಹೇಳುತ್ತಿಲ್ಲ ಅಷ್ಟೇ ಎಂದು ಅವರ ಎದುರು ಕುಳಿತೇ ಇದ್ದೆ. ಕೊನೆಗೆ ಅವರು ಹೊಸ ಮದ್ದೊಂದರ ಸ್ಟಡಿ ನಡೆಯುತ್ತಿದೆ ಎಂದರು. ಸತ್ತ ನರವನ್ನು ಎಬ್ಬಿಸುವ ಮದ್ದಲ್ಲ, ಉಳಿದ ನರಗಳನ್ನು ಕಾಯುತ್ತದೆಯೇ ಎಂದು ನೋಡುವ ಮದ್ದು. ಅರ್ಧ ಜನರಿಗೆ ನಿಜವಾದ ಮಾತ್ರೆ, ಅರ್ಧ ಜನರಿಗೆ ಮದ್ದಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರುವುದಿಲ್ಲ.

"ನಮ್ಗೆ ಮದ್ದಿದ್ದದ್ದೇ ಕೊಡಿ. ಅದಕ್ಕೆ ಎಷ್ಟ್ ದುಡ್ಡ್ ಬೇಕ್, ಹೇಳಿ."

"ಏನು ಕೊಟ್ಟರೂ ಆಗಲ್ಲಮ್ಮ. ನನ್ನ ತಂದೆಗೇ ಕೊಡುವುದಾದರೂ ನನಗೆ ಆರಿಸೋಕೆ ಬರಲ್ಲ."

ಅಂಥ ವ್ಯಾಪಾರ ನಾನು ಕಂಡಿರಲಿಲ್ಲ. ನನ್ನ ಗಂಡ ಆಗಲೇ ಸ್ಟಡಿಯ ಕಾಗದಕ್ಕೆ ಸಹಿ ಮಾಡಿ ಆಗಿತ್ತು.

ಅಕ್ಕಿ ಕೊಳ್ಳುವಾಗ ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುತ್ತೇವೆ. ಟಕ್ಕೆಂದು ಮುರಿದರೆ ಒಣಗಿದೆ ಎಂದರ್ಥ. ಮನೆಗೆ ಬಂದವಳೇ ಡಬ್ಬಿಯಿಂದ ಮಾತ್ರೆ ತೆಗೆದು ನಾಲಗೆಯ ತುದಿಗೆ ತಾಗಿಸಿದೆ. ಕಹಿ! ಬೇವಿಗಿಂತ ಕಹಿ. ಖಾಲಿ ಮಾತ್ರೆಗೆ ಕಹಿ ಎಲ್ಲಿಂದ ಬರಬೇಕು? ನಮಗೆ ಸಿಕ್ಕಿದ್ದು ನಿಜವಾದದ್ದೇ. ಆ ದಿನ ಕುಚ್ಚಲಕ್ಕಿ ಗಂಜಿ ಅರೆದು ಮಂದ ಮಾಡಿ ಕುಡಿಸುವಾಗ ನನಗೆ ಹಾಡು ಹೇಳುವಷ್ಟು ಖುಷಿ. (ಈ ಕಾಯಿಲೆಯವರಿಗೆ ಗಂಜಿ ನೀರಾಗಿದ್ದರೆ ಕೆಮ್ಮು ಬಂದು ಉಸಿರು ಸಿಕ್ಕಿಕೊಳ್ಳುತ್ತದೆ. ಯಾವುದನ್ನೂ ಮಂದ ಮಾಡಿಯೇ ಕೊಡಿ.)

ಮುಂದಿನ ಸಲ ಆಸ್ಪತ್ರೆಯ ಬೆಂಚಿನಲ್ಲಿ ಬೈಂದೂರಿನ ಸುಶೀಲ ಸಿಕ್ಕಿದಳು. ಅವಳ ಗಂಡನಿಗೂ ಇದೇ ಕಾಯಿಲೆ, ಇದೇ ಸ್ಟಡಿ. ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು, "ಅಕ್ಕ, ಯಾರಿಗೂ ಹೇಳ್ಬೇಡಿ. ನಾನ್ ನೆಕ್ಕಿ ಕಂಡೆ. ನಮ್ದ್ ಕಹಿ ಇತ್ತ್!"

ಎರಡು ಡಬ್ಬಿಯೂ ಕಹಿಯೇ?

ಡಾಕ್ಟರಮ್ಮನನ್ನು ನೇರವಾಗಿಯೇ ಕೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. "ನಿಮ್ಮಂಥವರು ನೆಕ್ಕಿ ನೋಡ್ತೀರಿ ಅಂತಲೇ ಖಾಲಿ ಮಾತ್ರೆಗೂ ಕಹಿ ಹಾಕಿರ್ತಾರಮ್ಮ."

ಸರಿ, ಗೊತ್ತಾಗುವುದಿಲ್ಲ ಎಂದಾದರೆ ಪಾಲು ಮಾಡಬಹುದಲ್ಲ? ಹೊರಗೆ ಬಂದು ಸುಶೀಲಳಿಗೆ ಹೇಳಿದೆ: ಎರಡು ಡಬ್ಬಿಯ ಮಾತ್ರೆಗಳನ್ನೂ ಅರ್ಧ ಅರ್ಧ ಹಂಚಿಕೊಳ್ಳುವ. ಒಂದು ಡಬ್ಬಿಯಲ್ಲಾದರೂ ಮದ್ದಿದ್ದರೆ ಇಬ್ಬರಿಗೂ ಅರ್ಧವಾದರೂ ಸಿಕ್ಕೀತು. ಅವಳು ಆಗಲೇ ಸೆರಗಿನಲ್ಲಿ ಡಬ್ಬಿ ಹಿಡಿದಿದ್ದಳು. ಪಕ್ಕದಲ್ಲಿದ್ದ ನನ್ನ ಗಂಡ ಕೈ ಅಡ್ಡ ಹಿಡಿದರು.

"ಗುಲಾಬೀ," ಎಂದರು. ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳಬೇಕಿತ್ತು. "ಹಳೆ ಅಕ್ಕಿ... ಹೊಸ ಅಕ್ಕಿ... ಬೆರ್ಸಿ ಮಾರ್ತ್ಯಾ?"

"ಇಲ್ಲೆ."

"ಎಂತಕೆ?"

"ಎಂತ ಅಕ್ಕಿ ಅಂದೇಳಿ ಯಾರಿಗೂ ಗೊತ್ತಾತಿಲ್ಲೆ."

ಹೇಳಿ ಮುಗಿಸಿದ ಮೇಲೆ ಅರ್ಥವಾಯಿತು. ನನಗೆ ಸಿಟ್ಟು ಬಂತು. ನಿಮ್ಮ ಜೀವ ಹೋಗುತ್ತಿದೆ, ನಾಳೆ ಬರುವ ರೋಗಿಗಳ ಲೆಕ್ಕ ನಿಮಗ್ಯಾಕೆ ಎಂದು ಮನೆಗೆ ಬರುವವರೆಗೂ ಬಸ್ಸಿನಲ್ಲಿ ಜಗಳ ಮಾಡಿದೆ. ಎದುರಾಡುವ ಶಕ್ತಿ ಅವರಿಗಿಲ್ಲ ಎಂದು ಗೊತ್ತಿದ್ದೂ ಮಾಡಿದೆ. ಇವರು ಕಿಟಕಿಯ ಹೊರಗೆ ನೋಡುತ್ತಾ ನನ್ನ ಮಂಡಿಯ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಇವರ ಮಾತು ಪೂರ್ತಿ ನಿಂತಿತು. ಈಗ ಹಾಳೆಯ ಮೇಲಿನ ಅಕ್ಷರಗಳನ್ನು ಬೆರಳಲ್ಲಿ ತೋರಿಸುತ್ತಾರೆ. ನುಂಗುವುದು ಕಷ್ಟ, ಆದರೂ ನುಂಗುತ್ತಾರೆ. ಡಾಕ್ಟರಮ್ಮ ಶಕ್ತಿ ಇಳಿಯುವುದು ನಿಧಾನವಾಗಿದೆ ಎನ್ನುತ್ತಾರೆ. ಮದ್ದಿನಿಂದಲೋ, ಇವರ ಹಣೆಬರಹವೇ ನಿಧಾನವೋ? ಸ್ಟಡಿ ಮುಗಿಯುವವರೆಗೆ ಯಾರೂ ಹೇಳಲಾರರು.

ಹೋದ ವಾರ ಸುಶೀಲ ಒಬ್ಬಳೇ ಬಂದಿದ್ದಳು. ಹಣೆ ಬರಿದಾಗಿತ್ತು. ಉಳಿದ ಮಾತ್ರೆಗಳನ್ನು ವಾಪಸು ಕೊಡಬೇಕೆಂಬ ನಿಯಮವಿದೆ, ಅದಕ್ಕಾಗಿ ಬೈಂದೂರಿನಿಂದ ಎರಡು ಬಸ್ಸು ಹತ್ತಿ ಬಂದಿದ್ದಳು. ನನ್ನನ್ನು ಕಂಡವಳೇ ಡಬ್ಬಿಯನ್ನು ನನ್ನ ಮಡಿಲಿಗಿಟ್ಟಳು.

"ಅಕ್ಕ, ನಿಮ್ಗೆ ಬೇಕಾ? ಅರ್ಧಕ್ಕಿಂತ ಹೆಚ್ಚ್ ಇತ್ತ್. ಇದೇ ಮದ್ದಿದ್ದದ್ದ್ ಆದ್ರೂ ಆತ್."

ನನ್ನ ಪಕ್ಕದಲ್ಲಿ ಗಾಲಿ ಕುರ್ಚಿಯಲ್ಲಿ ಇವರು ನಿದ್ದೆ ಹೋಗಿದ್ದರು. ತಡೆಯುವವರು ಯಾರೂ ಇರಲಿಲ್ಲ. ನನ್ನ ಬೆರಳು ಮುಚ್ಚಳದ ಮೇಲಿತ್ತು.

"ಬಾ ಮಾರಾಯ್ತಿ, ಒಟ್ಟಿಗೇ ಹೋಪ," ಎಂದು ಎದ್ದೆ. ಡಾಕ್ಟರಮ್ಮ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಮಾತ್ರೆಗಳನ್ನು ಎಣಿಸುವವರೆಗೂ ಅವಳ ಕೈ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.