ಚಾಚಾ ಬರೆಯದ ಪರೀಕ್ಷೆ

ಈಗ ಯಾವ ಕೆಲಸದವರಿಗಾದರೂ ತರಬೇತಿ ಎಂದರೆ ಎರಡು ದಿನದ ಮಾತು. ಚಹಾ ಕೊಡುತ್ತಾರೆ, ಬಿಸ್ಕೀಟು ಕೊಡುತ್ತಾರೆ, ಗೋಡೆಯ ಮೇಲೆ ಚಿತ್ರ ತೋರಿಸುತ್ತಾರೆ, ಕಡೆಗೆ ಪ್ರಮಾಣಪತ್ರ ಕೈಗಿಟ್ಟು ಫೋಟೋ ಹೊಡೆಯುತ್ತಾರೆ. ಹತ್ತಿ ಪೇಟೆಯ ಹಳೇ ಮನುಷ್ಯನೆಂದು ಅಂಥ ಒಂದೆರಡಕ್ಕೆ ನನ್ನನ್ನೂ ಕರೆದು ಶಾಲು ಹೊದಿಸಿದ್ದಾರೆ. ನನಗೆ ಒಳಗೊಳಗೇ ಸಿಟ್ಟು. ನಾನು ಕೆಲಸ ಕಲಿತದ್ದು ಒಬ್ಬರ ಕೈಯಿಂದ, ಮೂರು ವರ್ಷ, ಅವರ ಪಕ್ಕದಲ್ಲಿ ನಿಂತು. ಆ ಮೂರು ವರ್ಷ ಮತ್ತೆ ಸಿಗುವುದಾದರೆ ಈ ಶಾಲುಗಳನ್ನೆಲ್ಲ ಗಂಟು ಕಟ್ಟಿ ಕೊಟ್ಟುಬಿಡುತ್ತೇನೆ.

ಅವರು ಲಕ್ಷ್ಮೇಶ್ವರದವರು. ಗದಗಿನಲ್ಲಿ ನಾನು ಗುಮಾಸ್ತನಾಗಿದ್ದ ಹತ್ತಿ ಗಿರಣಿಗೆ ಹತ್ತಿ ನೋಡಿ ಖರೀದಿಸುವ ಕೆಲಸ ಅವರದು. ಗಿರಣಿಯಲ್ಲಿ ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ಮಾಲಕರೂ ಸೇರಿ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನನಗೆ ಇಪ್ಪತ್ತಾರು, ಮದುವೆಯಾಗಿ ಒಂದು ಕೂಸಿತ್ತು. ನಾಲ್ಕಕ್ಷರ ಬಲ್ಲೆನೆಂಬ ಸೊಕ್ಕೂ ಇತ್ತು. ಚಾಚಾ ಹತ್ತಿ ನೋಡಬೇಕು, ನಾನು ಪಕ್ಕದಲ್ಲಿ ನಿಂತು ಬರೆದುಕೊಳ್ಳಬೇಕು. ಹೀಗೆ ನಮ್ಮ ಜೋಡಿ ಮುಂಡರಗಿ, ಶಿರಹಟ್ಟಿ, ಹಿರೇವಡ್ಡಟ್ಟಿ, ಬಾಳೆಹೊಸೂರು ಎಂದು ಸುಗ್ಗಿಯುದ್ದಕ್ಕೂ ತಿರುಗುತ್ತಿತ್ತು.

ಹತ್ತಿ ಎಂಥದೆಂದು ಅವರು ಎಂದೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಬೇರೆ ಗಿರಣಿಯವರಿಗೆ ಗೊತ್ತಾಗುತ್ತದೆ, ಮಾಲು ಕೆಳಗಿನದಾಗಿದ್ದರೆ ತಂದ ರೈತ ನಾಲ್ಕು ಜನರ ಎದುರು ಮುಖ ಬಾಡಿಸುತ್ತಾನೆ. ಅದಕ್ಕೇ ನಮ್ಮಲ್ಲೊಂದು ಪದ್ಧತಿ. ಚಾಚಾ ಹತ್ತಿ ತುಂಬಿದ ಗೋಣಿ ಅಂಡಿಗೆಯೊಳಗೆ ಮೊಣಕೈವರೆಗೆ ಕೈ ಹಾಕಿ ತಳದಿಂದ ಒಂದು ಹಿಡಿ ಹತ್ತಿ ತೆಗೆಯುವರು. ಎರಡೂ ಹೆಬ್ಬೆರಳ ನಡುವೆ ಹಿಡಿದು ಎಳೆ ಎಳೆಯುವರು. ಒಂದು ಬೀಜ ಹಲ್ಲಿನಲ್ಲಿ ಕಡಿಯುವರು. ಟಕ್ಕೆಂದು ಒಡೆದರೆ ಒಣಗಿದ ಮಾಲು, ಮೆತ್ತಗಾದರೆ ಹಸಿ. ಆಮೇಲೆ ಹೆಗಲ ಟವೆಲನ್ನು ನನ್ನ ಕೈಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಒತ್ತುವರು. ಒಂದು ಬೆರಳು ಒತ್ತಿದರೆ ಮೇಲಿನ ದರ್ಜೆ, ಎರಡು ಒತ್ತಿದರೆ ನಡುವಿನದು, ಮೂರಾದರೆ ಕೆಳಗಿನದು. ಹೆಬ್ಬೆಟ್ಟು ಹಿಸುಕಿದರೆ ಹಸಿ, ಉಗುರು ತಾಗಿಸಿದರೆ ಕಸ. ನಾನು ಬರೆದುಕೊಳ್ಳುತ್ತಿದ್ದೆ.

ಮೊದಲ ವರ್ಷ ನಾನು ಬರೀ ಬರೆದೆ. ಎರಡನೆಯ ವರ್ಷ ಒಂದು ದಿನ ಶಿರಹಟ್ಟಿಯಲ್ಲಿ ಅವರು ಹತ್ತಿಯನ್ನು ನನ್ನ ಕೈಗೂ ಕೊಟ್ಟು, ಟವೆಲು ಹೊದಿಸಿದವರು ಸುಮ್ಮನೆ ನಿಂತರು. ಬೆರಳು ಒತ್ತಲಿಲ್ಲ. ಮುಖ ನೋಡಿದೆ, ಬೇರೆ ಕಡೆ ನೋಡುತ್ತಿದ್ದರು. ನಾನೇ ಒತ್ತಿ ಹೇಳಬೇಕಂತೆ! ಹೆದರುತ್ತ ಎರಡು ಬೆರಳು ಒತ್ತಿದೆ. ಅವರು ನನ್ನ ಮೂರನೆಯ ಬೆರಳನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ತಪ್ಪು ತಿದ್ದುವುದೂ ಹಾಗೆಯೇ, ಯಾರಿಗೂ ಕಾಣದಂತೆ. ನಮ್ಮಪ್ಪ ನಡುಬೀದಿಯಲ್ಲಿ ನಿಲ್ಲಿಸಿ ಬೈದು ಕಲಿಸಿದವನು. ತಪ್ಪಿದರೂ ಮರ್ಯಾದೆ ಉಳಿಯುವ ಶಾಲೆ ಒಂದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಕರ್ನಾಟಕ ಒಂದಾಯಿತು. ಗದಗಿನಲ್ಲಿ ಮೆರವಣಿಗೆ ಹೊರಟಿತು. ನಾನು ಗಂಟಲು ಕಟ್ಟುವಷ್ಟು ಕೂಗಿದೆ, ಚಾಚಾ ಪಕ್ಕದಲ್ಲಿ ನಡೆಯುತ್ತ ಎಲ್ಲರಿಗೂ ಕಲ್ಲುಸಕ್ಕರೆ ಹಂಚಿದರು. ಅದಾದ ಮುಂದಿನ ಸುಗ್ಗಿಗೆ ಹೊಸ ಕಟ್ಟಳೆ ಬಂತು. ಹರಾಜು ಕಟ್ಟೆಯ ಮೇಲೆ ನಿಂತು ಹತ್ತಿ ನೋಡಬೇಕಾದರೆ ಪರವಾನಗಿ ಬೇಕು, ಪರವಾನಗಿಗೆ ಪರೀಕ್ಷೆ. ಎಂಟು ಗುಡ್ಡೆ ಹತ್ತಿ ಇಡುತ್ತಾರೆ. ಒಂದೊಂದೂ ಎಂಥದು, ಹಸಿ ಎಷ್ಟು, ಕಸ ಎಷ್ಟು ಎಂದು ಕನ್ನಡದಲ್ಲಿ ಬರೆಯಬೇಕು. ಚಾಚಾ ನನಗಿಂತ ಚೆಂದ ಕನ್ನಡ ಆಡುತ್ತಿದ್ದರು. ಬರೆಯಲು ಬರುತ್ತಿರಲಿಲ್ಲ. ಅವರ ಊರು ಮರಾಠಿ ಅರಸರ ಸಂಸ್ಥಾನದಲ್ಲಿದ್ದಾಗ ಕಚೇರಿಯ ಕಾಗದವೆಲ್ಲ ಮರಾಠಿ. ಮಸೀದಿಯಲ್ಲಿ ಕಲಿತ ಒಂದಿಷ್ಟು ಉರ್ದು ಓದುವರು, ಅಷ್ಟೇ. ಪರವಾನಗಿ ಸಿಗದಿದ್ದರೆ ಮೂವತ್ತು ವರ್ಷದ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

ಅಕ್ಷರ ನಾನು ಕಲಿಸುತ್ತೇನೆ ಎಂದೆ. ದೊಡ್ಡ ಮನುಷ್ಯನಂತೆ ಪಾಟಿ ತಂದೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಪಾಠ. ಎಳೆಯ ಉದ್ದವನ್ನು ಕೂದಲಷ್ಟು ತಪ್ಪದೆ ಹೇಳುವ ಬೆರಳಿಗೆ ಬಳಪ ಒಗ್ಗಲಿಲ್ಲ. ಹನ್ನೊಂದನೆಯ ದಿನಕ್ಕೆ ನನ್ನ ತಾಳ್ಮೆ ಹರಿಯಿತು. ಇಷ್ಟು ಸರಳ ಇರುವುದು ತಲೆಗೆ ಹೋಗುವುದಿಲ್ಲವೇ ಎಂದು ಹಮಾಲರ ಎದುರಿಗೇ ಒದರಿದೆ. ಚಾಚಾ ಪಾಟಿಯನ್ನು ಟವೆಲಿನಿಂದ ಒರೆಸಿ ನನ್ನ ಮುಂದೆ ಇಟ್ಟರು. ನಾಳೆ ನೋಡೋಣ ಎಂದರು. ಆ ನಾಳೆ ಬರಲಿಲ್ಲ, ನಾನೂ ಕರೆಯಲಿಲ್ಲ.

ಕರೆಯದಿರಲು ಇನ್ನೊಂದು ಕಾರಣವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆ ವಾರ ಮಾಲಕರು ನನ್ನನ್ನು ಒಳಗೆ ಕರೆದಿದ್ದರು. ಇನ್ನು ಮುಂದೆ ಹತ್ತಿ ನೋಡಿ ತಾನೇ ಬರೆಯುವ ಒಬ್ಬನಿದ್ದರೆ ಗಿರಣಿಗೆ ಸಾಕು, ನೀನೂ ಪರೀಕ್ಷೆಗೆ ಕೂಡು ಎಂದಿದ್ದರು. ಆ ಕೆಲಸ ನನಗೆ ಬೇಕಾಗಿತ್ತು, ಹಸಿದವನಿಗೆ ಅನ್ನ ಬೇಕಾದಂತೆ ಬೇಕಾಗಿತ್ತು. ಚಾಚಾಗೆ ಇದನ್ನು ಹೇಳಲಿಲ್ಲ.

ಪರೀಕ್ಷೆಯ ದಿನ ಬೆಟಗೇರಿಯ ಒಂದು ಗೋದಾಮಿನಲ್ಲಿ ಉದ್ದನೆಯ ಮೇಜಿನ ಮೇಲೆ ಎಂಟು ಗುಡ್ಡೆ ಹತ್ತಿ ಇಟ್ಟಿದ್ದರು. ಬಾಗಿಲಲ್ಲಿ ತಲೆಗೊಂದು ಕಾಗದ ಕೊಟ್ಟರು. ಚಾಚಾ ತಮ್ಮ ಕಾಗದ ನೋಡಿದರು, ನನ್ನದು ನೋಡಿದರು.

"ಎರಡ್ಯಾಕ ತಮ್ಮಾ, ಒಂದ ಸಾಕು. ನೀ ಬರಿ" ಎಂದರು.

ತಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು. ನಾನು ಎಂದಿನಂತೆ ಬರೆದುಕೊಳ್ಳಲು ಬಂದಿದ್ದೇನೆ, ಪರೀಕ್ಷೆ ಒಬ್ಬೊಬ್ಬರಿಗಲ್ಲ, ಗಿರಣಿಗೆ ಎಂದು ತಿಳಿದಿದ್ದರು ಅವರು. ಇಷ್ಟು ವರ್ಷ ಅವರು ನೋಡಿದ್ದು, ಇನ್ನೊಬ್ಬ ಬರೆದದ್ದು. ಎರಡೂ ಸೇರಿದರೆ ಒಂದು ಕೆಲಸ. ಒಂದು ಕೆಲಸಕ್ಕೆ ಎರಡು ಕಾಗದ ಯಾಕೆ? ಅವರು ತಪ್ಪು ತಿಳಿದಿದ್ದಾರೆಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಬಾಯಿ ತೆರೆಯಲಿಲ್ಲ.

ಗುಡ್ಡೆಯಿಂದ ಗುಡ್ಡೆಗೆ ಹೋದೆವು. ಅವರು ಬೀಜ ಕಡಿದರು, ಟವೆಲು ಹೊದಿಸಿದರು, ಬೆರಳು ಒತ್ತಿದರು. ನಾನು ನನ್ನ ಹೆಸರಿನ ಕೆಳಗೆ ಬರೆಯುತ್ತ ಹೋದೆ. ಎರಡು ಗುಡ್ಡೆಗಳಲ್ಲಿ ನನ್ನ ಅಂದಾಜು ತಪ್ಪಿತ್ತು, ಅವರ ಕೈ ತಿದ್ದಿತು. ಕಾವಲಿಗಿದ್ದವನು ಆ ತುದಿಯಲ್ಲಿ ಚಹಾ ಕುಡಿಯುತ್ತಿದ್ದ. ಹೊರಗೆ ಬಂದಾಗ ಚಾಚಾ ನಮ್ಮ ಪರೀಕ್ಷೆ ಚಲೋ ಆಯಿತೆಂದು ನನಗೆ ಗಿರಮಿಟ್ಟು ಕೊಡಿಸಿದರು. ತಿಂದೆ. ಹೊಟ್ಟೆಗೆ ಇಳಿಯಿತು ಕೂಡ.

ಪರವಾನಗಿ ಬಂದ ವಾರ ಹರಾಜು ಕಟ್ಟೆ ಹತ್ತಲು ಹೋದೆವು. ಮೆಟ್ಟಿಲ ಬಳಿ ಹೊಸ ಅಧಿಕಾರಿ ಎಲ್ಲರ ಪರವಾನಗಿ ನೋಡಿ ಬಿಡುತ್ತಿದ್ದರು.

"ನಮ್ಮದು ಇವನ ಕಡೆ ಐತ್ರಿ" ಎಂದರು ಚಾಚಾ.

ನಾನು ತೆಗೆದು ಕೊಟ್ಟೆ. ಅಧಿಕಾರಿ ಓದಿ, ಇದರಲ್ಲಿ ಒಬ್ಬರದೇ ಹೆಸರಿದೆಯಲ್ಲ ಎಂದರು. ಚಾಚಾ ನನ್ನ ಕಡೆ ತಿರುಗಿದ್ದು ಗೊತ್ತಾಯಿತು. ನಾನು ಚಕ್ಕಡಿಗಳನ್ನು ನೋಡುತ್ತಾ ನಿಂತೆ.

"ಹೌದ್ರಿ ಸಾಹೇಬ್ರ, ಅದು ಅವಂದ. ನಾ ಹಂಗ ದಾರ್ಯಾಗ ಹೊಂಟಾಂವ ಬಂದೀನಿ" ಎಂದು ಅವರು ಮೆಟ್ಟಿಲು ಇಳಿದರು. ಹಿಂದೆ ತಿರುಗಿ ನೋಡಲಿಲ್ಲ. ಮರುದಿನ ಗಿರಣಿಗೂ ಬರಲಿಲ್ಲ.

ನಾನು ಲಕ್ಷ್ಮೇಶ್ವರಕ್ಕೆ ಹೋಗಲು ಒಂದು ವರ್ಷ ತೆಗೆದುಕೊಂಡೆ. ಅವರು ಮನೆಯ ಕಟ್ಟೆಯ ಮೇಲೆ ಕುಳಿತು ಗಾದಿಗೆ ಅರಳೆ ತುಂಬುತ್ತಿದ್ದರು. ನನ್ನನ್ನು ಕಂಡು ಎದ್ದು ಬಂದರು, ಚಾಪೆ ಹಾಸಿದರು, ಚಾಚಿ ಚಹಾ ತಂದುಕೊಟ್ಟರು. ಈ ವರ್ಷ ಮುಂಡರಗಿ ಕಡೆಯ ಹತ್ತಿ ಹೇಗಿದೆ, ನನ್ನ ಕೂಸು ಶಾಲೆಗೆ ಹೋಗುತ್ತದೆಯೇ ಎಂದು ಕೇಳಿದರು. ಪರೀಕ್ಷೆಯ ಸುದ್ದಿ ತೆಗೆಯಲಿಲ್ಲ. ಅವರು ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ, ಅದಕ್ಕೆಂದೇ ಹೋಗಿದ್ದೆ. ಬಸ್ಸಿಗೆ ಕಳಿಸಲು ಜೊತೆಗೆ ಬಂದವರು ದಾರಿಯಲ್ಲಿ ಒಮ್ಮೆ ನಿಂತರು.

"ತಮ್ಮಾ, ಅವತ್ತ ನನಗೊಂದು ಮಾತು ಹೇಳಬೇಕಿತ್ತು ನೀ. ನಿನ್ನ ಹೆಸರಿಗೆ ಬರಕೋ ಅಂತ ನಾನ ಅಂತಿದ್ದೆ. ನನಗರ ಇನ್ನೆಷ್ಟ ವರ್ಷ ಕೆಲಸ ಇತ್ತು?"

ಕೇಳಿದ್ದರೆ ಅವರೇ ಕೊಡುತ್ತಿದ್ದರು, ನಾನು ಕದ್ದುಕೊಂಡಿದ್ದೆ. ಬಸ್ಸು ತಡವಾಗಿ ಬಂತು. ಅದು ಬರುವವರೆಗೂ ಚಾಚಾ ನನ್ನ ಜೊತೆಗೇ ನಿಂತಿದ್ದರು.