ಗುರುತಿನ ಖಾನೆ

ವಿಜಯವಾಡದ ಪಟಮಟದಲ್ಲಿ ನಮ್ಮ ಬ್ಯಾಂಕಿನ ಎದುರಿಗೊಂದು ನರ್ಸಿಂಗ್ ಹೋಮ್ ಇತ್ತು. ಅಲ್ಲಿ ರೋಗಿಗಳ ಚೀಟಿ ಬರೆಯುತ್ತಿದ್ದವರು ತೆಲುಗರ ಮನೆ ಸೇರಿದ ಧಾರವಾಡದ ಹೆಣ್ಣುಮಗಳು. ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು, "ಬರೇ ಹೆಸರು ಸಾಲಂಗಿಲ್ಲಂಡಿ, ಗುರ್ತು ಬೇಕ್ರೀ," ಎನ್ನುತ್ತಿದ್ದರು. ಪ್ರತಿ ಚೀಟಿಯ ಮೂಲೆಯಲ್ಲೂ ಒಂದು ಗುರುತು ಇರುತ್ತಿತ್ತು: 'ಜೋರು ನಗು', 'ಅತ್ತೆ ಜೊತೆಗೇ ಬರ್ತಾರೆ'. ನನ್ನದರಲ್ಲಿ 'ಸೂಜಿ ಕಂಡ್ರೆ ಭಯ'.

ತೊಂಬತ್ತರ ದಶಕದಲ್ಲಿ ಆಸ್ಪತ್ರೆಗಳಿಗೆ ಕಂಪ್ಯೂಟರ್ ಮಾರುವವನೊಬ್ಬ ಬಂದ. ಇನ್ನು ಚೀಟಿಯೂ ಬೇಡ, ಬರೆಯುವವರೂ ಬೇಡ ಎಂದು ಡಾಕ್ಟರಿಗೆ ಹೇಳಿ, ಚೀಟಿಗಳ ಹೆಸರನ್ನೆಲ್ಲ ಮೊದಲೇ ತುಂಬಿಸಿಟ್ಟಿದ್ದ ಕಂಪ್ಯೂಟರಿನಲ್ಲಿ ಎದುರು ಕೂತಿದ್ದ ರೋಗಿಯ ಹೆಸರು ಒತ್ತಿದ. ಪರದೆಯ ತುಂಬ ವೆಂಕಟೇಶ್ವರ ರಾವ್‌ಗಳೇ ಬಂದರು. ಅವರಲ್ಲಿ ಇವರು ಯಾರೆಂದು ಅವನಿಗೆ ತಿಳಿಯಲಿಲ್ಲ. ಈಕೆ ಅಷ್ಟರಲ್ಲೇ 'ಜೋರು ನಗು' ಚೀಟಿ ತೆಗೆದುಕೊಟ್ಟರು. ಅದನ್ನೋದಿದ ರಾವ್ ಗೋಡೆ ಅದುರುವಂತೆ ನಕ್ಕರು. ಡಾಕ್ಟರು ಕಂಪ್ಯೂಟರ್ ಕೊಂಡರು, ಈಕೆಯನ್ನೇ ಅದರ ಮುಂದೆ ಕೂರಿಸಿದರು. ಮಾರುವವನು ಗುರುತಿಗೆಂದು ಒಂದು ಖಾನೆ ಸೇರಿಸಿಕೊಟ್ಟ.

ಆಮೇಲೆ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಲ್ಲಿ ಜ್ವರ ಬಂದು ಆಸ್ಪತ್ರೆಗೆ ಹೋದರೆ, ಕಂಪ್ಯೂಟರ್ ಮುಂದಿನ ಹುಡುಗಿ ಹೆಸರು, ವಯಸ್ಸು ಕೇಳಿ, "ಗುರ್ತು ಏಮಿಟಂಡಿ ಸಾರ್?" ಎಂದಳು. ಅದೇ ಮಾರುವವನು ಇಲ್ಲಿಗೂ ಕೊಟ್ಟಿದ್ದ ಕಂಪ್ಯೂಟರ್ ಅದು; ಆ ಖಾನೆ ಯಾಕಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ನಾನು ಎದೆಯುಬ್ಬಿಸಿ, ನನ್ನ ಹರಕು ತೆಲುಗಿನಲ್ಲಿ, ಸೂಜಿ ಕಂಡರೆ ಭಯ ಎಂದು ಬರೆಸಿದೆ.