ಕಾರ್ಡು ತುಂಬೈತಿ

ಅರವತ್ತರ ದಶಕದ ನಡುವೆ ನಾವು ಧಾರವಾಡದಲ್ಲಿ ಎರಡು ಖೋಲಿಯ ಬಾಡಿಗೆ ಮನೆಯಲ್ಲಿದ್ದೆವು. ಮಾರ್ಕೆಟ್ಟಿನ ಒಂದು ಜವಳಿ ಅಂಗಡಿಯವರು ಪಗಾರದ ನೌಕರರಿಗೆ ಉದ್ರಿ ಕಾರ್ಡು ಕೊಡುತ್ತಿದ್ದರು. ನೀಲಿ ರಟ್ಟಿನದು, ಎರಡು ಮಡಿಕೆ. ಒಳಗೆ ಕೆಂಪು ಮಸಿಯಲ್ಲಿ, ಎಷ್ಟು ರೂಪಾಯಿಯವರೆಗೆ ಬಟ್ಟೆ ಸಾಲವಾಗಿ ಒಯ್ಯಬಹುದೆಂದು ಬರೆದಿರುತ್ತಿತ್ತು. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಮಾಸ್ತರು, ನಮ್ಮದು ಐವತ್ತು. ದೀಪಾವಳಿಗೆ ಒಮ್ಮೆ, ಸಾಲೆ ಶುರುವಾಗುವಾಗ ಒಮ್ಮೆ ಅದನ್ನು ಟ್ರಂಕಿನಿಂದ ತೆಗೆಯುತ್ತಿದ್ದೆ. ಉಳಿದ ದಿನ ಅದು ನನ್ನ ಮದುವೆ ಸೀರೆಯ ಮಡಿಕೆಯಲ್ಲಿ ಇರುತ್ತಿತ್ತು.

ಒಂದು ಶನಿವಾರ ಬೆಳಗಿನ ಸಾಲೆ ಮುಗಿಸಿ ಬಂದವರು, ಟೊಪ್ಪಿಗೆಯನ್ನು ಗೂಟಕ್ಕೆ ಹಾಕುವ ಮೊದಲೇ ಹೇಳಿದರು.

"ಜವಳಿ ಅಂಗಡಿ ಸಾಹುಕಾರ್ರು ಕರದಿದ್ರು. ನಮ್ಮ ಪತ್ತು ಹೆಚ್ಚು ಮಾಡ್ತಾರಂತ. ಐವತ್ತರದು ನೂರೈವತ್ತು."

"ನಾವು ಕೇಳಿದ್ವೇನು?"

"ಕೇಳದ ಕೊಡಾಕತ್ತಾರ. ಅದಕ್ಕ ಪತ್ತು ಅನ್ನೋದು. ಸೋಮವಾರ ಹೋಗಿ ಒಂದು ಸಹಿ ಹಾಕಿದ್ರ ಆತು."

ಪತ್ತು ಎಂದರೆ ನಮ್ಮ ಕಡೆ ಅಂಗಡಿಯವರು ಕೊಡುವ ಉದ್ರಿಯೂ ಹೌದು, ಮನುಷ್ಯನ ಮಾತಿಗಿರುವ ಬೆಲೆಯೂ ಹೌದು. ಯಜಮಾನರು ಎರಡನೆಯ ಅರ್ಥವನ್ನೇ ಹಿಡಿದುಕೊಂಡು ಬಂದಿದ್ದರು. ಟೆರಿಲಿನ್ ಬಟ್ಟೆ ಆಗಷ್ಟೇ ಊರಿಗೆ ಬಂದಿತ್ತು, ಅಂಗಡಿಯವರಿಗೆ ಅದನ್ನು ಮಾರಬೇಕಿತ್ತು ಎಂಬುದು ಅವರಿಗೆ ಹೊಳೆದಂತೆ ಕಾಣಲಿಲ್ಲ. ಅಂದು ಒಂದು ರೊಟ್ಟಿ ಹೆಚ್ಚಿಗೆ ಉಂಡರು.

ನನಗೆ ಅವರ ಅಕ್ಕ ನೆನಪಾದರು. ಹೆಬ್ಬಳ್ಳಿಯಲ್ಲಿ ಅವರದು ಒಳ್ಳೆಯ ಒಕ್ಕಲುತನದ ಮನೆ. ಎರಡು ವರ್ಷದ ಹಿಂದೆ ಬಂದು ನಮ್ಮ ಕಾರ್ಡಿನ ಮೇಲೆ ಎರಡು ಧೋತರ, ಒಂದು ಸೀರೆ ಒಯ್ದಿದ್ದರು. ಸುಗ್ಗಿ ಮುಗಿದ ಮೇಲೆ ಮರೆಯದೆ ಒಂದು ಚೀಲ ಬಿಳಿಜೋಳ ಕಳಿಸಿದರು. ಜೋಳ ಛಲೋ ಇತ್ತು. ಆದರೆ ಜವಳಿ ಅಂಗಡಿಯವರು ಜೋಳ ತೆಗೆದುಕೊಳ್ಳುವುದಿಲ್ಲ, ಆ ಬಾಕಿ ನಮ್ಮ ಪಗಾರದಿಂದಲೇ ಹೋಯಿತು. ಆ ಸಲ ಮಗನ ಸಾಲೆ ಚಡ್ಡಿಗೆ ಯಜಮಾನರ ಹಳೆಯ ಕೋಟು ಕತ್ತರಿಸಿದೆ.

ಮರುವರ್ಷ ಅವರು ಮತ್ತೆ ಕಾರ್ಡು ಕೇಳಿದಾಗ, "ತುಂಬೈತ್ರಿ ಅಕ್ಕಾರ" ಎಂದುಬಿಟ್ಟೆ. ಅರ್ಧ ಕೂಡ ಆಗಿರಲಿಲ್ಲ. ಅವರು ಚಹಾ ಕುಡಿದು ಎದ್ದು ಹೋದರು. ಆಗ ನನಗೆ ಐವತ್ತು ರೂಪಾಯಿಯ ಉಪಯೋಗ ತಿಳಿಯಿತು. ಸಣ್ಣ ಕಾರ್ಡು ಬೇಗ ತುಂಬುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಇಲ್ಲ ಎನ್ನುವ ಕೆಲಸ ಕಾರ್ಡೇ ಮಾಡುತ್ತದೆ. ನೂರೈವತ್ತರದು ತುಂಬಿದೆ ಎಂದರೆ ಯಾರು ನಂಬಬೇಕು?

ಮುಂದಿನ ತಿಂಗಳು ಆ ಅಕ್ಕನ ಮಗಳ ಕುಬಸವಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬಬೇಕು, ಬೀಗರಿಗೂ ಬಟ್ಟೆ ಮಾಡಬೇಕು. ಅವರು ಬಂದೇ ಬರುತ್ತಾರೆ. ಕೊಟ್ಟರೆ ವರ್ಷವೆಲ್ಲ ನಾವು ತೀರಿಸಬೇಕು. ಒಲ್ಲೆ ಎಂದರೆ ಯಜಮಾನರಿಗೆ ಇದ್ದೊಬ್ಬ ಅಕ್ಕ ಮನೆಗೆ ಬರುವುದು ತಪ್ಪುತ್ತದೆ.

ರವಿವಾರ ಅಕ್ಕಿ ಹಸನು ಮಾಡುತ್ತ ಕೂತಾಗ ಹೇಳಿದೆ. "ಆ ಸಹಿ ಬ್ಯಾಡ್ರಿ."

"ಯಾಕ?"

ಹೇಳಿದೆ. ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವರು ಚಷ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿದರು.

"ನಮ್ಮಕ್ಕಗ ಸುಳ್ಳ ಹೇಳಿದಿ?"

"ಹೂಂ."

ಚಷ್ಮಾ ಮತ್ತೆ ಹಾಕಿಕೊಂಡು ಅವರೇ ಅಂದರು. "ನಮ್ಮ ಡ್ರಿಲ್ ಮಾಸ್ತರ ಹೋದ ವರ್ಷ ಕಾರ್ಡ ಕೇಳಿದ್ರು. ತುಂಬೈತ್ರಿ ಅಂದೆ."

"ತುಂಬಿತ್ತೇನು?"

"ಎಲ್ಲಿ ತುಂಬಿತ್ತು."

ಇಬ್ಬರೂ ನಗಲಿಲ್ಲ. ನಾನು ಮೊರದ ಅಕ್ಕಿಯನ್ನು ಇನ್ನೊಮ್ಮೆ ಕೇರಿದೆ.

ಸೋಮವಾರ ಅವರು ಹೋಗಿ ಬ್ಯಾಡ ಎಂದು ಬಂದರು. ಸಾಹುಕಾರರಿಗೆ ಅರ್ಥವಾಗಲಿಲ್ಲವಂತೆ. "ಹೆಚ್ಚು ಮಾಡ್ರಿ ಅಂತ ಗಂಟು ಬೀಳೋರನ್ನ ನೋಡೇನಿ ಮಾಸ್ತರ, ಬ್ಯಾಡ ಅನ್ನೋರು ನೀವ ಮೊದಲು. ಮನ್ಯಾಗ ಕೇಳೀರೇನು?" ಎಂದರಂತೆ. "ಮನ್ಯಾಗ ಕೇಳೇ ಬಂದೇನ್ರಿ" ಎಂದು ಇವರು ಹೇಳಿದರಂತೆ.

ಎಂಟು ದಿನಕ್ಕೆ ಅಕ್ಕ ಬಂದರು. ಮುಂಜಾನೆಯ ಬಸ್ಸಿಗೆ ಬಂದವರು ಮನೆ ಮುಟ್ಟಿದ್ದು ಮಧ್ಯಾಹ್ನಕ್ಕೆ. ಯಜಮಾನರು ಸಾಲೆಯಲ್ಲಿದ್ದರು. ಅಕ್ಕ ಕಾಲು ತೊಳೆದು, ಗೋಡೆಗೆ ಬೆನ್ನು ಕೊಟ್ಟು ಕೂತರು.

"ಕಾರ್ಡ ಹೆಚ್ಚು ಮಾಡ್ತೇನಂದ್ರ ನೀವು ಒಲ್ಲೆ ಅಂದ್ರಂತ. ಸಾಹುಕಾರ ನಾಕು ಮಂದಿ ಮುಂದ ಹೇಳಾಕತ್ತಿದ್ದ. ಅಂಗಡಿ ಬಾಗಲದಾಗ ನಿಂತು ಕೇಳಿ ಬಂದೆ."

ಇನ್ನು ಕಾರ್ಡಿನ ಹಿಂದೆ ಅಡಗಿ ನಿಲ್ಲಲು ಆಗುತ್ತಿರಲಿಲ್ಲ.

"ಹೌದ್ರಿ ಅಕ್ಕಾರ. ಮಂದಿ ಒಯ್ದದ್ದನ್ನ ತೀರಸೋದು ನಮ್ಮ ಪಗಾರದಾಗ ಆಗೂದಿಲ್ಲ."

"ಮಂದಿ ಅಂದ್ರ ನಾನೇನು?"

"ನೀವೂ ಹೌದ್ರಿ. ಹೋದ ವರ್ಷ ತುಂಬೈತಿ ಅಂದಿದ್ನಲ್ಲ, ತುಂಬಿರಲಿಲ್ಲ."

ಅವರು ಸಂಚಿ ಬಿಚ್ಚಿ ಎಲೆ ತೆಗೆದು, ಬೆರಳಿಂದ ಸುಣ್ಣ ಹಚ್ಚಿ, ಮಡಿಚಿ ಬಾಯಿಗೆ ಹಾಕಿಕೊಂಡರು. ಚಹಾದ ನೀರು ಉಕ್ಕಿ ಒಲೆಗೆ ಬಿತ್ತು, ನಾನು ಏಳಲಿಲ್ಲ.

"ಅವತ್ತ ಗೊತ್ತಿತ್ತು ನನಗ" ಎಂದರು. "ನಿನ್ನ ಮೈಮ್ಯಾಲೆ ಹೊಸಾದೊಂದು ನೂಲಿರಲಿಲ್ಲ. ಹುಡುಗನ ಚಡ್ಡಿ ನನ್ನ ತಮ್ಮನ ಕೋಟಿಂದು. ಹೆಂಗ ತುಂಬ್ತೈತಿ ಕಾರ್ಡು? ಸಾಕಾಗೈತಿ ಆಕಿಗೆ ಅಂತ ಎದ್ದು ಹೋದೆ. ಜೋಳ ಕಳಿಸಿದ್ನಲ್ಲ, ಅದರಾಗ ಮುಗೀಲಿಲ್ಲೇನು?"

"ಅಂಗಡಿಯವ್ರು ಜೋಳ ಒಲ್ಲೆ ಅಂತಾರ್ರಿ."

"ಅದನ್ನ ಅವತ್ತ ಹೇಳಬೇಕಿಲ್ಲ, ಹುಚ್ಚಿ?"

ಸಂಚಿಯ ಒಳಖಾನೆಯಿಂದ ನೋಟುಗಳ ಸುರುಳಿ ತೆಗೆದು ತೋರಿಸಿದರು. ಹತ್ತಿ ಮಾರಿ ಬಂದದ್ದು.

"ಈಗ ರೊಕ್ಕ ಐತಿ. ರೊಕ್ಕ ಇದ್ರೂ ಹಳ್ಳಿಯಾಕಿ ಅಂತ ಬಾಗಲದಾಗ ನಿಂದರಸ್ತಾನ. ಎಲ್ಲಾರೂ ಬ್ಯಾಡ ಅಂದು ಬಿಟ್ಟ ಸೀರಿ ತಂದು ತೋರಸ್ತಾನ. ನಿನ್ನ ಕಾರ್ಡ ಕೈಯಾಗಿದ್ರ ಗಾದಿ ಮ್ಯಾಲೆ ಕುಂದರಿಸಿ ಒಳಗಿನ ಕಪಾಟ ತಗೀತಾನ. ಬೀಗರ ಮುಂದ ಉಡಸೂ ಸೀರಿ ಅದು. ಕಾರ್ಡ ಕೊಡಬ್ಯಾಡ, ತೊಗೊಂಡು ನೀನೂ ಬಾ."

ಉಂಡು, ಬಿಸಿಲು ಇಳಿದ ಮೇಲೆ ಹೋದೆವು. ನಾನು ಕಾರ್ಡನ್ನು ಕೈಯಲ್ಲಿ ಕಾಣುವ ಹಾಗೆ ಹಿಡಿದುಕೊಂಡಿದ್ದೆ. ಸಾಹುಕಾರರು ಬರ್ರಿ ಬರ್ರಿ ಎಂದು ಗಾದಿಯ ಮೇಲೆ ಜಾಗ ಮಾಡಿಕೊಟ್ಟರು. ಒಳಗಿನ ಕಪಾಟಿನಿಂದ ಇಳಕಲ್ಲ ಸೀರೆಗಳು ಬಂದವು. ಹಸಿರಿನಲ್ಲಿಯೇ ಆರು ಬಗೆ. ಅಕ್ಕ ಐದನ್ನು ಸರಿಸಿ ಆರನೆಯದರ ಸೆರಗನ್ನು ಬೆಳಕಿಗೆ ಹಿಡಿದು ನೋಡತೊಡಗಿದರು.

ಸಾಹುಕಾರರು ನನ್ನ ಕಡೆ ತಿರುಗಿ, "ಅವ್ವಾರ, ಇನ್ನೂ ಹೊತ್ತು ಮೀರಿಲ್ಲ. ಮಾಸ್ತರಿಗೆ ಒಂದು ಮಾತು ಹೇಳ್ರಿ, ಸಹಿ ಹಾಕಿಬಿಡ್ಲಿ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ, ಸೆರಗಿನಿಂದ ಕಣ್ಣು ತೆಗೆಯದೆ, "ಆಕಿ ಒಲ್ಲೆ ಅಂದಾಳಲ್ಲ, ಮತ್ತ ಮತ್ತ ಯಾಕ ಕೇಳ್ತೀರಿ? ರೋಖ ರೊಕ್ಕ ಕೊಟ್ರ ಈ ಸೀರೀಗೆ ಎಷ್ಟು ಬಿಡ್ತೀರಿ, ಅದನ್ನ ಹೇಳ್ರಿ" ಎಂದರು.

ಎರಡು ರೂಪಾಯಿ ಬಿಟ್ಟರು. ಉದ್ರಿಯವರಿಗೆ ಅದನ್ನು ಬಿಡುವುದಿಲ್ಲ ಎಂಬುದು ನನಗೆ ತಿಳಿದದ್ದು ಅಂದೇ.